ಒತ್ತಕ್ಷರದ ಬಾಲ ಕತ್ತರಿಸಿದ್ದು ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಈಗ ಒಂದೇ ಸಲ ಕೋಡ್ ಬರೆದರೆ ಸಾಕು, ಅದೇ ಆ್ಯಪ್ ಐಫೋನ್‌ನಲ್ಲೂ ಓಡುತ್ತದೆ, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ, ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಅದರಲ್ಲಿತ್ತು. ಓಡುವುದೇನೋ ಓಡುತ್ತದೆ. ಎರಡೂ ಕಡೆ ಒಂದೇ ಥರ ಕಾಣುತ್ತದಾ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಇಂಥ ಆ್ಯಪ್‌ಗಳ ಪರದೆ ಜೋಡಿಸುವುದೇ ಏಳು ವರ್ಷದಿಂದ ನನ್ನ ಹೊಟ್ಟೆಪಾಡು. ಬಟನ್ ಎಲ್ಲಿ ಕೂರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಕಾರ್ಡ್‌ನ ನೆರಳು ಎಷ್ಟು ಬೀಳಬೇಕು, ಇಷ್ಟೇ ನನ್ನ ಪ್ರಪಂಚ. ಹಾಗಾಗಿ ಬಿಟ್ಟುಹೋದ ಆ ಅರ್ಧ ಕಥೆಯನ್ನು ಬರೆಯೋಣ ಎಂದು ಕೂತಿದ್ದೇನೆ. ಪತ್ರ ಉದ್ದ ಆಗಬಹುದು. ಕತ್ತರಿಸುವ ಹಕ್ಕು ನಿಮ್ಮದು, ಒತ್ತಕ್ಷರ ಮಾತ್ರ ಕತ್ತರಿಸಬೇಡಿ.

ಯಾಕೆ ಹೀಗೆ ಹೇಳಿದೆ ಅಂದರೆ, ನಾವು ಮಾಡಿದ ಒಂದು ಆ್ಯಪ್‌ನಲ್ಲಿ ‘ಒಪ್ಪಿಗೆ’ ಎಂಬ ಬಟನ್ ಇತ್ತು. ಟೆಸ್ಟಿಂಗ್ ಮಾಡುವ ಸಹೋದ್ಯೋಗಿ ಒಂದು ದಿನ ದೂರು ಹಾಕಿದರು: ಬಟನ್‌ನಲ್ಲಿ ಕಾಗುಣಿತ ತಪ್ಪಿದೆ, ‘ಒಪಿಗೆ’ ಅಂತ ಇದೆ. ದೂರು ನೇರವಾಗಿ ಅನುವಾದ ಮಾಡಿದವರ ಹೆಗಲಿಗೆ ಹೋಯಿತು. ಅವರಿಗೆ ಸಿಟ್ಟು ಬಂತು. ‘ನಾನು ಸರಿಯಾಗೇ ಬರೆದಿದ್ದೀನಿ, ಬೇಕಾದರೆ ಫೈಲ್ ತೆಗೆದು ನೋಡಿ’ ಅಂದರು. ತೆಗೆದು ನೋಡಿದರೆ ಸರಿಯಾಗೇ ಇದೆ. ನನ್ನ ಐಫೋನ್‌ನಲ್ಲಿ ನೋಡಿದೆ, ಅಲ್ಲೂ ಸರಿಯಾಗೇ ಇದೆ. ಟೆಸ್ಟಿಂಗ್‌ನವರಿಗೆ ಕನ್ನಡಕ ಬದಲಿಸಿ ಎಂದು ನಾನೇ ತಮಾಷೆ ಮಾಡಿದ್ದೆ, ಆಮೇಲೆ ಕ್ಷಮೆ ಕೇಳಬೇಕಾಯಿತು. ಅರ್ಧ ದಿನ ಹೀಗೇ ಹೋದಮೇಲೆ ಅವರು ತಮ್ಮ ಆಂಡ್ರಾಯ್ಡ್ ಫೋನ್ ತಂದು ನನ್ನ ಫೋನಿನ ಪಕ್ಕ ಇಟ್ಟರು. ‘ಪ್ಪಿ’ಯ ಕೆಳಗಿನ ಒತ್ತು ಅಲ್ಲಿಲ್ಲ. ಕತ್ತರಿ ಹಿಡಿದು ಅಡ್ಡಕ್ಕೆ ಕತ್ತರಿಸಿದ ಹಾಗೆ ಹೋಗಿತ್ತು.

ಕತ್ತರಿಸಿದ್ದು ಯಾರು ಅಂತ ಹುಡುಕಿದರೆ ನಮ್ಮವರೇ. ಮೂರು ತಿಂಗಳ ಹಿಂದೆ ಇಂಗ್ಲಿಷ್ ಆವೃತ್ತಿಯ ‘ಓಕೆ’ ಬಟನ್‌ನ ನಟ್ಟನಡುವೆ ಕೂರದೆ ಕೂದಲೆಳೆಯಷ್ಟು ಸರಿದು ಕಾಣುತ್ತದೆ ಎಂದು ಡಿಸೈನರ್ ತಕರಾರು ತೆಗೆದಿದ್ದರು. ಅದು ಆಂಡ್ರಾಯ್ಡ್‌ನಲ್ಲಿ ಮಾತ್ರ. ಆಂಡ್ರಾಯ್ಡ್ ಪ್ರತಿ ಅಕ್ಷರಸಾಲಿನ ಮೇಲೆ ಕೆಳಗೆ ಸ್ವಲ್ಪ ಜಾಗ ತಾನಾಗೇ ಬಿಡುತ್ತದೆ. ಎತ್ತರಕ್ಕೆ ಏರುವ, ಕೆಳಕ್ಕೆ ಇಳಿಯುವ ಅಕ್ಷರಗಳಿಗೆ ಇರಲಿ ಎಂದು ಬಿಡುವ ಜಾಗ ಅದು. ‘ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್’ ಅಂತ ಒಂದು ಸೆಟ್ಟಿಂಗ್ ಇದೆ, ಆಫ್ ಮಾಡಿದರೆ ಆ ಜಾಗ ಹೋಗುತ್ತದೆ. ಆಫ್ ಮಾಡಿದೆವು. ಅದರ ಜೊತೆಗೆ 16ರ ಅಕ್ಷರಕ್ಕೆ ಸಾಲಿನ ಎತ್ತರ 20 ಎಂದು ಗಟ್ಟಿ ಮಾಡಿದ್ದೆವು. ‘ಓಕೆ’ ನಡುವಿಗೆ ಬಂತು, ಡಿಸೈನರ್ ಖುಷಿಯಾದರು. ಇಂಗ್ಲಿಷಿಗೆ ಬೇಡವಾಗಿದ್ದ ಆ ಜಾಗದಲ್ಲೇ ಕನ್ನಡದ ಒತ್ತು ಉಸಿರಾಡುತ್ತಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ಐಫೋನ್‌ನಲ್ಲಿ ಆ ಸೆಟ್ಟಿಂಗೇ ಇಲ್ಲ, ಅಲ್ಲಿನ ಕನ್ನಡ ಫಾಂಟೂ ಬೇರೆ, ಹಾಗಾಗಿ ಅಲ್ಲಿ ಏನೂ ಆಗಲಿಲ್ಲ. ಸರಿಪಡಿಸಿದ್ದು ಒಂದು ಸಾಲು ಅಳಿಸಿ, ಇನ್ನೊಂದು ಸಾಲಿನಲ್ಲಿ 20 ಇದ್ದದ್ದನ್ನು 26 ಮಾಡಿ. ಹುಡುಕಲು ಹಿಡಿದದ್ದು ಒಂದೂವರೆ ದಿನ.

ನಮ್ಮ ಕೆಲಸದ ತಾಪತ್ರಯವೆಲ್ಲ ಹೆಚ್ಚುಕಡಿಮೆ ಈ ಥರದ್ದೇ. ಆ್ಯಪ್ ಕೆಟ್ಟು ನಿಂತರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಎಲ್ಲಿ ಕೆಟ್ಟಿತು ಎಂದು ಯಂತ್ರವೇ ಹೇಳುತ್ತದೆ. ಅಂದ ಕೆಟ್ಟರೆ ಯಾವ ಯಂತ್ರವೂ ಹೇಳುವುದಿಲ್ಲ. ಕೋಡ್ ಸರಿ, ಪರೀಕ್ಷೆ ಪಾಸು, ವರದಿ ಹಸಿರು. ಪರದೆಯ ಮೇಲೆ ಮಾತ್ರ ‘ಒಪಿಗೆ’.

ಹೀಗೆ ಯಾಕಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂ ಕಡೆ ಓಡುವ ಆ್ಯಪ್ ಮಾಡಲು ಮುಖ್ಯವಾಗಿ ಮೂರು ದಾರಿ ಇವೆ. ಫೇಸ್‌ಬುಕ್ 2015ರಲ್ಲಿ ಹೊರಗೆ ಬಿಟ್ಟ ರಿಯಾಕ್ಟ್ ನೇಟಿವ್, ನಾವು ಬರೆದದ್ದನ್ನು ಓದಿ ಆಯಾ ಫೋನಿನ ಸ್ವಂತ ಬಟನ್ನು, ಸ್ವಂತ ಅಕ್ಷರಪಟ್ಟಿಗಳನ್ನೇ ಕರೆದು ಕೆಲಸಕ್ಕೆ ಹಚ್ಚುತ್ತದೆ. ಒಂದೇ ನಾಟಕದ ಮಾತುಗಳನ್ನು ಎರಡು ತಂಡಗಳಿಗೆ ಕೊಟ್ಟ ಹಾಗೆ. ಮಾತು ಒಂದೇ, ಆಡುವ ಬಾಯಿ ಬೇರೆ. ಗೂಗಲ್‌ನ ಫ್ಲಟರ್, 2018ರ ಕೊನೆಗೆ ಮೊದಲ ಪಕ್ಕಾ ಆವೃತ್ತಿ ಬಂದದ್ದು, ಫೋನಿನ ಬಟನ್‌ಗಳನ್ನು ನಂಬದೆ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಮೂರನೆಯದು ಹಳೆಯ ದಾರಿ: ಆ್ಯಪ್ ಅನ್ನುವುದು ಬರೀ ಹೊರಗಿನ ಚೌಕಟ್ಟು, ಒಳಗೆ ಓಡುವುದು ವೆಬ್ ಪುಟ. 2009ರ ಸುಮಾರಿಗೆ ಫೋನ್‌ಗ್ಯಾಪ್ ಎಂದು ಶುರುವಾಗಿ ಮುಂದೆ ಕಾರ್ಡೋವಾ ಆದದ್ದು ಇದೇ ದಾರಿ.

ಮೂರರಲ್ಲೂ ಈ ತೊಂದರೆ ಇದೆ. ತೊಂದರೆಯ ಜಾತಿ ಬೇರೆ ಅಷ್ಟೇ. ಎಲ್ಲವನ್ನೂ ತಾನೇ ಬಿಡಿಸುವ ಫ್ಲಟರ್ ಆದರೂ ಪೂರ್ತಿ ಪಾರಾಗಿಲ್ಲ. ಮೇಲಿನ ಪಟ್ಟಿಯ ಶೀರ್ಷಿಕೆಯನ್ನು ಅದು ಐಫೋನ್‌ನಲ್ಲಿ ನಡುವೆ ಇಡುತ್ತದೆ, ಆಂಡ್ರಾಯ್ಡ್‌ನಲ್ಲಿ ಎಡಕ್ಕೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಆಯಾ ಫೋನಿನವರಿಗೆ ಅದೇ ರೂಢಿ ಎಂದು. ಆದರೆ ಹೊಸಬರು ಇದನ್ನು ಬಗ್, ಅಂದರೆ ಕೋಡಿನ ತಪ್ಪು, ಎಂದು ತಿಳಿದು ಒಂದು ಮಧ್ಯಾಹ್ನ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ. ಇನ್ನು ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ, ಆ್ಯಪ್‌ನ ಜೊತೆ ನಾವೇ ಕನ್ನಡ ಫಾಂಟ್ ಕಟ್ಟಿ ಕಳಿಸದಿದ್ದರೆ ಫ್ಲಟರ್ ಕೂಡ ಫೋನಿನ ಬಾಗಿಲು ತಟ್ಟಿ ‘ಕನ್ನಡ ಫಾಂಟ್ ಇದೆಯಾ’ ಎಂದು ಕೇಳಲೇಬೇಕು. ಐಫೋನ್ ಒಂದು ಫಾಂಟ್ ಕೊಡುತ್ತದೆ, ಆಂಡ್ರಾಯ್ಡ್ ಇನ್ನೊಂದು. ಮತ್ತೆ ಮೊದಲಿನ ಕಥೆಯೇ.

ಫಾಂಟ್ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು, ಇದು ಕನ್ನಡದವರಿಗೇ ಸಂಬಂಧಿಸಿದ್ದು, ಎಲ್ಲೂ ಹೆಚ್ಚು ಚರ್ಚೆ ಆಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಕನ್ನಡದಂಥ ಲಿಪಿಗಳಿಗೆ ಬಹಳ ಕಾಲದಿಂದ ಎರಡು ಅಳತೆಯ ಫಾಂಟ್‌ಗಳು ಇದ್ದವು. ಒಂದು ಅಕ್ಷರಕ್ಕೆ ಬೇಕಾದಷ್ಟು ಎತ್ತರ ಕೊಟ್ಟದ್ದು. ಇನ್ನೊಂದು ಇಂಗ್ಲಿಷ್ ಸಾಲಿನ ಎತ್ತರದೊಳಗೇ ತುರುಕಲು ಮೇಲೆ ಕೆಳಗೆ ಒತ್ತಿ ಗಿಡ್ಡ ಮಾಡಿದ್ದು. ಬಟನ್ನು, ಮೆನುಗಳಿಗೆ ತಾನಾಗೇ ಬರುತ್ತಿದ್ದದ್ದು ಈ ಗಿಡ್ಡ ಫಾಂಟ್. ಮೊದಲನೆಯದು ಬೇಕಿದ್ದರೆ ‘ಎಲಿಗಂಟ್ ಟೆಕ್ಸ್ಟ್ ಹೈಟ್’ ಎಂಬ ಸೆಟ್ಟಿಂಗನ್ನು ನಾವೇ ಹುಡುಕಿ ಆನ್ ಮಾಡಬೇಕಿತ್ತು. ಎಷ್ಟು ಜನ ಮಾಡಿದ್ದರು? ನಾನಂತೂ ಅದರ ಹೆಸರು ಕೇಳಿದ್ದೇ ತಡವಾಗಿ. 2024ರಲ್ಲಿ ಬಂದ ಆಂಡ್ರಾಯ್ಡ್ 15ರಲ್ಲಿ ಗೂಗಲ್ ಇದನ್ನು ತಿರುಗಿಸಿತು. ಆ ಆವೃತ್ತಿಯನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳಲ್ಲಿ ಎತ್ತರದ ಫಾಂಟೇ ತಾನಾಗಿ ಬರುತ್ತದೆ. ಕನ್ನಡ, ತೆಲುಗು, ತಮಿಳು, ಮಲಯಾಳ, ಗುಜರಾತಿ, ಒಡಿಯಾ, ಅರೇಬಿಕ್, ಥಾಯ್, ಲಾವೋ, ಬರ್ಮೀಸ್, ಎಲ್ಲಕ್ಕೂ. ಆಂಡ್ರಾಯ್ಡ್ 16ಕ್ಕೆ ಕಟ್ಟಿದರೆ ಬೇಡ ಅನ್ನುವ ಅವಕಾಶವೂ ಇಲ್ಲ.

ನನ್ನ ಪ್ರಕಾರ ಇದು ಒಳ್ಳೆಯ ತೀರ್ಮಾನ, ತಡವಾಗಿ ಬಂತು ಅನ್ನುವುದೊಂದೇ ದೂರು. ಆದರೆ ಅದು ಬಂದ ದಿನ ನಮ್ಮಲ್ಲಿ ಏನಾಯಿತು ಕೇಳಿ. ಇಂಗ್ಲಿಷ್ ಪರದೆಗಳಲ್ಲಿ ಒಂದು ಎಳೆ ಸರಿಯಲಿಲ್ಲ. ಕನ್ನಡ ಪರದೆಗಳಲ್ಲಿ ಸಾಲುಗಳು ಎತ್ತರವಾದವು, 48ರ ಎತ್ತರಕ್ಕೆ ಬಿಗಿದಿಟ್ಟ ಪೆಟ್ಟಿಗೆಗಳಿಂದ ಎರಡನೇ ಸಾಲು ಹೊರಗೆ ಜಾರಿತು, ಪಟ್ಟಿಗಳು ಉದ್ದವಾದವು, ಕೆಳಗಿನ ಬಟನ್ ಪರದೆಯಾಚೆ ಹೋಯಿತು. ‘ಕನ್ನಡದ್ದು ಯಾವಾಗಲೂ ಪ್ರಾಬ್ಲಮ್ ಕಣ್ರೀ’ ಎಂದು ಮೀಟಿಂಗ್‌ನಲ್ಲಿ ಒಬ್ಬರು ಗೊಣಗಿದರು. ಪೆಟ್ಟಿಗೆಯ ಎತ್ತರವನ್ನು ಗಟ್ಟಿ ಮಾಡಿಟ್ಟವರು ನಾವು, ಬೈಸಿಕೊಂಡದ್ದು ಕನ್ನಡ. ಅಕ್ಷರ ಎಷ್ಟು ಎತ್ತರವೋ ಪೆಟ್ಟಿಗೆ ಅಷ್ಟು ಬೆಳೆಯಲಿ ಎಂದು ಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಇನ್ನೊಂದು ಮೋಜಿನ ವಿಷಯ ನೆರಳು. ಪರದೆಯ ಮೇಲೆ ಒಂದು ಕಾರ್ಡ್ ಸ್ವಲ್ಪ ಎದ್ದು ನಿಂತ ಹಾಗೆ ಕಾಣಲಿ ಎಂದು ಅದರ ಸುತ್ತ ತೆಳುವಾಗಿ ನೆರಳು ಹಾಕುತ್ತೇವೆ, ನೋಡಿರುತ್ತೀರಿ. ರಿಯಾಕ್ಟ್ ನೇಟಿವ್‌ನಲ್ಲಿ ಐಫೋನ್‌ಗೆ ಇದಕ್ಕೆ ನಾಲ್ಕು ಸೆಟ್ಟಿಂಗ್: ನೆರಳಿನ ಬಣ್ಣ, ಅದು ಎಷ್ಟು ಸರಿಯಬೇಕು, ಎಷ್ಟು ಗಾಢ, ಎಷ್ಟು ಮಸುಕು. ಆಂಡ್ರಾಯ್ಡ್‌ಗೆ ಒಂದೇ ಒಂದು ಸಂಖ್ಯೆ, ‘ಎಲಿವೇಶನ್’. ಅಂದರೆ ಕಾರ್ಡ್ ಎಷ್ಟು ಎತ್ತರದಲ್ಲಿದೆ ಎಂದು ಮಾತ್ರ ನಾವು ಹೇಳಬಹುದು, ನೆರಳು ಹೇಗಿರಬೇಕೆಂದು ಅದೇ ಲೆಕ್ಕ ಹಾಕುತ್ತದೆ. 2014ರಲ್ಲಿ ಆಂಡ್ರಾಯ್ಡ್ 5ರ ಜೊತೆ ಬಂದ ಪದ್ಧತಿ ಇದು. ಪರದೆಯ ಮೇಲ್ಭಾಗದಲ್ಲಿ ಒಂದು ದೀಪ ಇದೆ ಎಂದು ಕಲ್ಪಿಸಿಕೊಂಡು ಲೆಕ್ಕ ಹಾಕುವುದರಿಂದ, ಅದೇ ಕಾರ್ಡ್ ಪರದೆಯ ತಲೆಯಲ್ಲಿದ್ದಾಗ ಒಂದು ನೆರಳು, ಕಾಲಿನ ಕಡೆ ಹೋದಾಗ ಇನ್ನೊಂದು. ಡಿಸೈನರ್ ಸ್ಕೇಲ್ ಹಿಡಿದು ‘ಈ ಎರಡು ಕಾರ್ಡ್‌ಗಳ ನೆರಳು ಯಾಕೆ ಬೇರೆ’ ಎಂದು ಕೇಳಿದಾಗ ‘ದೀಪ ಮೇಲಿದೆ ಸರ್’ ಎಂದು ಉತ್ತರ ಕೊಟ್ಟು ನೋಡಿ, ಗೊತ್ತಾಗುತ್ತದೆ ನಮ್ಮ ಕಷ್ಟ.

ಅಷ್ಟಕ್ಕೇ ಮುಗಿಯುವುದಿಲ್ಲ. ಕಾರ್ಡ್‌ನ ಮೂಲೆ ದುಂಡಗೆ ಮಾಡಿ, ಒಳಗಿನ ಚಿತ್ರ ಮೂಲೆಯಿಂದ ಹೊರಗೆ ಚಾಚದಿರಲಿ ಎಂದು ‘ಹೊರಗೆ ಬಂದದ್ದನ್ನು ಕತ್ತರಿಸು’ ಅಂತ ಹೇಳಿದರೆ ಆಂಡ್ರಾಯ್ಡ್ ಚಿತ್ರವನ್ನು ಕತ್ತರಿಸಿ ನೆರಳನ್ನು ಬಿಡುತ್ತದೆ, ಐಫೋನ್ ನೆರಳನ್ನೂ ಕತ್ತರಿಸಿ ಎಸೆಯುತ್ತದೆ. ನೆರಳು ಹೊರಗೇ ಇರುವುದಲ್ವಾ, ಅದರ ಮಟ್ಟಿಗೆ ಅದು ಹೇಳಿದ ಮಾತು ಕೇಳಿದೆ. ಆಗ ನಾವು ಪೆಟ್ಟಿಗೆಯ ಹೊರಗೊಂದು ಪೆಟ್ಟಿಗೆ ಮಾಡಿ, ಹೊರಗಿನದಕ್ಕೆ ನೆರಳು, ಒಳಗಿನದಕ್ಕೆ ಕತ್ತರಿ ಎಂದು ಹಂಚುತ್ತೇವೆ. ಹಂಚಿದ ಮೇಲೆ ಆಂಡ್ರಾಯ್ಡ್‌ನಲ್ಲಿ ನೆರಳು ಮಾಯ, ಯಾಕೆಂದರೆ ಹೊರಗಿನ ಪೆಟ್ಟಿಗೆಗೆ ಹಿನ್ನೆಲೆ ಬಣ್ಣ ಕೊಟ್ಟಿಲ್ಲ, ಬಣ್ಣವಿಲ್ಲದ ಪೆಟ್ಟಿಗೆಗೆ ಅದು ನೆರಳು ಬಿಡಿಸುವುದಿಲ್ಲ. ಬಣ್ಣ ಕೊಟ್ಟೆವು. ಈಗ ಆ ಕಾರ್ಡ್ ಪಕ್ಕದ ಮೆನುವಿನ ಮೇಲೆ ಏರಿ ಕೂತಿತು, ಯಾಕೆಂದರೆ ಆಂಡ್ರಾಯ್ಡ್‌ನಲ್ಲಿ ಎಲಿವೇಶನ್ ಜಾಸ್ತಿ ಇದ್ದದ್ದೇ ಮೇಲೆ. ನೆರಳಿಗೆ ಬಣ್ಣ ಬೇಕೆಂದರೆ ಫೋನ್‌ನಲ್ಲಿ ಕನಿಷ್ಠ ಆಂಡ್ರಾಯ್ಡ್ 9 ಇರಬೇಕು. ಒಂದು ನೆರಳಿಗೆ ಇಷ್ಟು ಪುರಾಣ! 2024ರಲ್ಲಿ ಬಂದ ರಿಯಾಕ್ಟ್ ನೇಟಿವ್ 0.76ರಲ್ಲಿ ವೆಬ್‌ನಲ್ಲಿ ಇರುವಂಥದೇ ‘ಬಾಕ್ಸ್ ಶ್ಯಾಡೋ’ ಎರಡೂ ಕಡೆಗೆ ಸಿಕ್ಕಿತು, ಪುಣ್ಯ. ಆದರೆ ಅದು ಬೇಕಿದ್ದರೆ ಆ್ಯಪ್ ಹೊಸ ಒಳರಚನೆಗೆ ಬದಲಾಗಿರಬೇಕು. ಹಳೆಯ ಆ್ಯಪ್ ಹೊತ್ತುಕೊಂಡವರಿಗೆ ಹಳೆಯ ಪುರಾಣವೇ ಗತಿ.

ದಪ್ಪ ಅಕ್ಷರದ ಕಥೆ ಇನ್ನೊಂದು. ರಿಯಾಕ್ಟ್ ನೇಟಿವ್‌ನಲ್ಲಿ ನಾವೇ ಆರಿಸಿದ ಫಾಂಟನ್ನು ಆ್ಯಪ್‌ಗೆ ಸೇರಿಸಿದರೆ ಐಫೋನ್ ಅದನ್ನು ಫೈಲಿನ ಒಳಗೆ ಬರೆದಿರುವ ಹೆಸರಿನಿಂದ ಗುರುತಿಸುತ್ತದೆ, ಆಂಡ್ರಾಯ್ಡ್ ಫೈಲಿಗೆ ಹೊರಗೆ ಇಟ್ಟ ಹೆಸರಿನಿಂದ. ಒಂದೇ ಮನುಷ್ಯನಿಗೆ ಮನೆಯಲ್ಲೊಂದು ಹೆಸರು, ದಾಖಲೆಯಲ್ಲೊಂದು ಹೆಸರು ಇದ್ದ ಹಾಗೆ. ಹೆಸರು ಹೊಂದದಿದ್ದರೆ, ರಿಯಾಕ್ಟ್ ನೇಟಿವ್‌ನ ಹಳೆಯ ಆವೃತ್ತಿಗಳಲ್ಲಿ ಐಫೋನ್ ಪರದೆ ತುಂಬ ಕೆಂಪು ಬಳಿದು ಕೂಗುತ್ತಿತ್ತು. ಆಂಡ್ರಾಯ್ಡ್ ಬಾಯಿಬಿಡದೆ ತನ್ನ ಮಾಮೂಲಿ ಫಾಂಟ್ ಹಾಕಿಕೊಂಡು ಸುಮ್ನೆ ಮುಂದೆ ಹೋಗುತ್ತದೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಫಾಂಟ್ ಸಿಕ್ಕಿ ಅದರ ದಪ್ಪ ರೂಪ ಸಿಗದಿದ್ದರೆ ಇನ್ನೂ ಕೆಟ್ಟದ್ದು: ಇದ್ದ ಅಕ್ಷರಕ್ಕೇ ಮಸಿ ಬಳಿದು ಉಬ್ಬಿಸಿ ದಪ್ಪ ಮಾಡುತ್ತದೆ. ಇಂಗ್ಲಿಷ್ ಅಕ್ಷರ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಬೇರೆ ಬೇರೆ ಎಂದು ಹೇಳುವುದು ಹೊಟ್ಟೆಯ ಕೆಳಗಿನ ಒಂದು ಪುಟ್ಟ ಸೀಳು. ಸಣ್ಣ ಅಳತೆಯಲ್ಲಿ ಹೀಗೆ ಉಬ್ಬಿಸಿದರೆ ಮಹಾಪ್ರಾಣ ಹೋಗಿ ಅಲ್ಪಪ್ರಾಣ ಉಳಿಯುತ್ತದೆ. ‘ಧನ’ ಓದಲು ಹೋದವರಿಗೆ ‘ದನ’ ಸಿಗುತ್ತದೆ.

ವೆಬ್ ಪುಟ ಒಳಗಿಟ್ಟ ಆ್ಯಪ್‌ಗಳ ಬಗ್ಗೆ ಎರಡೇ ಮಾತು. ಆಂಡ್ರಾಯ್ಡ್ 5ರಿಂದ ಈಚೆಗೆ ಆ ಪುಟ ತೋರಿಸುವ ಎಂಜಿನ್ ಪ್ಲೇ ಸ್ಟೋರ್‌ನಿಂದ ತನ್ನಷ್ಟಕ್ಕೆ ಹೊಸದಾಗುತ್ತದೆ, ಐಫೋನ್‌ನಲ್ಲಿ ಅದು ಇಡೀ ಐಒಎಸ್ (ಐಫೋನ್ ನಡೆಸುವ ತಂತ್ರಾಂಶ) ಜೊತೆಗೇ ಹೊಸದಾಗಬೇಕು. ಹಾಗಾಗಿ ಯಾವ ಫೋನ್‌ನಲ್ಲಿ ಯಾವ ಎಂಜಿನ್ ಓಡುತ್ತಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. ಬರೆಯುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಐಫೋನ್ ಇಡೀ ಪುಟವನ್ನೇ ಹಿಗ್ಗಿಸಿ ತೋರಿಸುವುದು ಎಲ್ಲರಿಗೂ ಒಮ್ಮೆ ಕಾಡಿರುವ ಕಾಟ.

ಕೀಬೋರ್ಡ್ ಮೇಲೆ ಬಂದು ಬಟನ್ ಮುಚ್ಚುವುದು, 2017ರ ಐಫೋನ್ ಟೆನ್‌ನಿಂದ ಶುರುವಾದ ತಲೆಯ ಮೇಲಿನ ಕರಿಪಟ್ಟಿ, ಆಂಡ್ರಾಯ್ಡ್ 15ರಿಂದ ಆ್ಯಪ್ ಪರದೆಯ ಅಂಚಿನಿಂದ ಅಂಚಿಗೆ ಹರಡಲೇಬೇಕು ಎಂಬ ನಿಯಮ ಬಂದು ‘ಮುಂದುವರಿಸಿ’ ಬಟನ್ ಕೆಳಗಿನ ಮೂರು ಗುಂಡಿಗಳ ಹಿಂದೆ ಅಡಗಿದ್ದು, ಇವುಗಳ ಬಗ್ಗೆ ಬರೆಯುತ್ತಾ ಹೋದರೆ ನಿಮ್ಮ ಪತ್ರಿಕೆಯ ಇಡೀ ಪುಟ ಬೇಕು. ಬಿಡಿ.

ಕಪ್ಪು ಬಣ್ಣದ ಕಥೆ ಮಾತ್ರ ಹೇಳುತ್ತೇನೆ, ಅದರಲ್ಲಿ ನನ್ನ ಮಾನ ಹೋಗಿದೆ. 2019ರಲ್ಲಿ ಐಒಎಸ್ 13 ಮತ್ತು ಆಂಡ್ರಾಯ್ಡ್ 10 ಎರಡರಲ್ಲೂ ಡಾರ್ಕ್ ಮೋಡ್, ಅಂದರೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ತೋರಿಸುವ ಸೌಲಭ್ಯ, ಬಂತು. ನಮ್ಮ ಒಂದು ಆ್ಯಪ್ ಬಿಡುಗಡೆಯಾದ ವಾರ ನಮ್ಮ ಅತ್ತೆ ಫೋನ್ ಮಾಡಿದರು. ‘ಏನಪ್ಪಾ, ನಿನ್ನ ಆ್ಯಪ್‌ನಲ್ಲಿ ಹೆಸರು ಬರೆದರೆ ಕಾಣ್ತಾನೇ ಇಲ್ಲ, ಹೆಸರಿಲ್ಲದೋರಿಗೆ ಮಾಡಿದ್ದೀಯಾ?’ ಅವರ ಫೋನ್‌ನಲ್ಲಿ ಡಾರ್ಕ್ ಮೋಡ್ ಆನ್ ಇತ್ತು. ಬರೆಯುವ ಪೆಟ್ಟಿಗೆಗೆ ನಾವು ಬಿಳಿ ಹಿನ್ನೆಲೆ ಕೊಟ್ಟಿದ್ದೆವು, ಅಕ್ಷರದ ಬಣ್ಣ ಮಾತ್ರ ಹೇಳಿರಲಿಲ್ಲ. ಹೇಳದೇ ಬಿಟ್ಟಿದ್ದನ್ನು ಆಂಡ್ರಾಯ್ಡ್ ತನ್ನ ಥೀಮ್ ನೋಡಿ ತುಂಬಿಕೊಂಡಿತು. ಡಾರ್ಕ್ ಮೋಡ್ ತಾನೇ, ಅಕ್ಷರ ಬಿಳಿ. ಬಿಳಿಯ ಮೇಲೆ ಬಿಳಿ. ಅತ್ತೆ ಬರೆದದ್ದೆಲ್ಲ ಅಲ್ಲೇ ಇತ್ತು, ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ. ನನ್ನ ಐಫೋನ್‌ನಲ್ಲಿ ಅದೇ ಪೆಟ್ಟಿಗೆಯಲ್ಲಿ ಕಪ್ಪು ಅಕ್ಷರ ಚೆನ್ನಾಗೇ ಕಾಣುತ್ತಿತ್ತು, ಹಾಗಾಗಿ ಆ ಸಾಲು ಬರೆಯಬೇಕು ಅಂತಲೇ ನನಗೆ ಅನ್ನಿಸಿರಲಿಲ್ಲ.

ಅಂದರೆ ಈ ಎಲ್ಲ ತಪ್ಪುಗಳಲ್ಲೂ ಯಂತ್ರದ ಪಾಲು ಸ್ವಲ್ಪ, ನಾವು ಕೆಲಸ ಮಾಡುವ ರೀತಿಯ ಪಾಲು ಜಾಸ್ತಿ. ಐಫೋನ್ ಆ್ಯಪ್ ಕಟ್ಟಲು ಮ್ಯಾಕ್ ಕಂಪ್ಯೂಟರ್ ಬೇಕು, ಹಾಗಾಗಿ ಡೆವಲಪರ್ ಕೈಯಲ್ಲಿ ಮ್ಯಾಕ್. ಮ್ಯಾಕ್‌ನಲ್ಲಿ ಐಫೋನ್ ಸಿಮ್ಯುಲೇಟರ್ (ಕಂಪ್ಯೂಟರ್ ಒಳಗಿನ ನಕಲಿ ಫೋನ್) ಹಗುರವಾಗಿ ಓಡುತ್ತದೆ, ಹಾಗಾಗಿ ದಿನವಿಡೀ ಅದರಲ್ಲೇ ಕೆಲಸ. ಡಿಸೈನ್ ಬರುವುದೂ ಐಫೋನಿನ ಚೌಕಟ್ಟಿನಲ್ಲಿ, ಅದೂ ಇಂಗ್ಲಿಷ್‌ನಲ್ಲಿ, ಅದೂ ಪುಟ್ಟ ಪುಟ್ಟ ಪದಗಳಲ್ಲಿ. ಆಂಡ್ರಾಯ್ಡ್ ನೋಡುವುದು ಬಿಡುಗಡೆಯ ಹಿಂದಿನ ಸಂಜೆ, ಅಂಥದೇ ಒಂದು ನಕಲಿ ಫೋನಾದ ಎಮ್ಯುಲೇಟರ್‌ನಲ್ಲಿ. ಕನ್ನಡ ನೋಡುವುದು ಬಿಡುಗಡೆಯ ಮರುದಿನ, ಬಳಸುವವರು ದೂರು ಕೊಟ್ಟ ಮೇಲೆ. ಡಾರ್ಕ್ ಮೋಡು, ದೊಡ್ಡ ಅಕ್ಷರ ಎಲ್ಲ ಆಮೇಲೆ, ಯಾರಾದರೂ ಅತ್ತೆ ಫೋನ್ ಮಾಡಿದಾಗ.

ದೂರು ಬಂದಾಗ ನಾವು ಮಾಡುವ ಮದ್ದು ಇನ್ನೂ ಚೆಂದ. ‘ಇದು ಆಂಡ್ರಾಯ್ಡ್ ಆದರೆ ಮೂರು ಚುಕ್ಕೆ ಮೇಲೆ ಸರಿಸು’ ಎಂದು ಒಂದು ಸಾಲು ಸೇರಿಸುತ್ತೇವೆ. ಯಾಕೆ ಮೂರು? ಎರಡು ಹಾಕಿದಾಗ ಕಮ್ಮಿ ಆಯಿತು, ನಾಲ್ಕು ಹಾಕಿದಾಗ ಜಾಸ್ತಿ ಆಯಿತು, ಅದಕ್ಕೆ ಮೂರು. ಅದೂ ಆ ಒಂದು ಫೋನ್‌ನಲ್ಲಿ. ಎಲ್ಲ ಫೋನ್‌ಗಳ ಪರದೆಯಲ್ಲಿ ಪಿಕ್ಸೆಲ್‌ಗಳ ಸಾಂದ್ರತೆ ಒಂದೇ ಅಲ್ಲ, ನಮ್ಮ ಒಂದು ಚುಕ್ಕೆ ಒಂದರಲ್ಲಿ 2 ಪಿಕ್ಸೆಲ್, ಇನ್ನೊಂದರಲ್ಲಿ 3, ಮತ್ತೊಂದರಲ್ಲಿ 2.625. ಅರ್ಧಂಬರ್ಧ ಪಿಕ್ಸೆಲ್ ಬಿಡಿಸಲು ಆಗುವುದಿಲ್ಲವಲ್ಲ, ಎಲ್ಲೋ ಒಂದು ಕಡೆ ಪೂರ್ಣಾಂಕಕ್ಕೆ ದಬ್ಬಬೇಕು, ಅಲ್ಲಿ ಎರಡು ಪೆಟ್ಟಿಗೆಗಳ ನಡುವೆ ಕೂದಲಿನಂಥ ಬಿರುಕು ಬರುತ್ತದೆ. ಈ ಮೂರರ ಸಾಲುಗಳನ್ನು ನಾನೇ ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಹೊಸ ಆಂಡ್ರಾಯ್ಡ್ ಬಂದಾಗ ಮೂಲ ತಪ್ಪು ತಾನಾಗೇ ಸರಿಹೋಗುತ್ತದೆ, ನಮ್ಮ ಮದ್ದು ಮಾತ್ರ ಉಳಿದು ಈಗ ಅದೇ ರೋಗ ಆಗುತ್ತದೆ.

ಇನ್ನೊಂದು ಮದ್ದು ಕಂಡರೆ ನನಗೆ ನಿಜವಾಗಿ ಕೋಪ ಬರುತ್ತದೆ. ಕಣ್ಣು ಮಂಜಾದವರು, ವಯಸ್ಸಾದವರು ಫೋನಿನ ಸೆಟ್ಟಿಂಗ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಆಂಡ್ರಾಯ್ಡ್ 14ರಿಂದ ಅದು 200 ಶೇಕಡಾವರೆಗೂ ಹೋಗುತ್ತದೆ, ಐಫೋನ್‌ನಲ್ಲೂ ಬಹಳ ದೊಡ್ಡದು ಮಾಡಬಹುದು. ಹಾಗೆ ಮಾಡಿದಾಗ ನಮ್ಮ ಪರದೆ ಒಡೆಯುತ್ತದೆ. ಪರದೆ ಸರಿಮಾಡುವ ಬದಲು ‘ಈ ಆ್ಯಪ್‌ನಲ್ಲಿ ಅಕ್ಷರ ದೊಡ್ಡದಾಗುವುದು ಬೇಡ’ ಎಂದು ಒಂದೇ ಸಾಲಿನಲ್ಲಿ ಬಾಗಿಲು ಹಾಕಿಬಿಡುತ್ತಾರೆ. ದೂರು ಮುಚ್ಚಿತು, ವರದಿ ಹಸಿರು. ಓದಲಾಗದವರು ಆ್ಯಪ್ ಬಿಟ್ಟುಹೋದರು, ಹೋದವರು ದೂರು ಬರೆಯುವುದಿಲ್ಲ. ಇದನ್ನು ನಾನು ಮಾಡಿಲ್ಲ. ಮಾಡು ಎಂದಾಗ ಜಗಳ ಆಡಿದ್ದೇನೆ, ಎರಡು ಸಲ ಸೋತಿದ್ದೇನೆ.

ಆ್ಯಪ್ ಮಾಡಿಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಕನ್ನಡಕ್ಕೆ ಒಂದು ಫಾಂಟನ್ನು ಆ್ಯಪ್ ಜೊತೆಗೇ ಕಟ್ಟಿ ಕಳಿಸಿ, ಮಾಮೂಲಿ ಮತ್ತು ದಪ್ಪ ಎರಡೂ ರೂಪದಲ್ಲಿ. ಆಗ ಎರಡೂ ಫೋನ್‌ಗಳಲ್ಲಿ ಅಕ್ಷರದ ಆಕಾರ, ಅಳತೆ ಒಂದೇ ಇರುತ್ತದೆ, ಅರ್ಧ ಜಗಳ ಅಲ್ಲೇ ತೀರುತ್ತದೆ. ಆ್ಯಪ್ ಕೆಲವು ನೂರು ಕಿಲೋಬೈಟ್ ದಪ್ಪ ಆಗಬಹುದು, ಮೊದಲ ಪುಟದಲ್ಲಿ ಹಾಕುವ ಒಂದು ಫೋಟೋ ಅದಕ್ಕಿಂತ ಭಾರ ಇರುತ್ತದೆ. ಪರದೆ ಜೋಡಿಸುವಾಗ ಮಾದರಿಗೆ ‘ಓಕೆ’ ‘ಹಲೋ’ ಹಾಕಬೇಡಿ. ನಾನು ಈಗ ಎಲ್ಲ ಕಡೆ ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಹಾಕುತ್ತೇನೆ. ಒಂದೇ ಅಕ್ಷರಕ್ಕೆ ಎರಡು ಒತ್ತು ಇರುವ ಪದಗಳು. ಈ ಮೂರು ಪೂರ್ತಿ ಕಂಡರೆ ಬೇರೆ ಯಾವ ಪದವೂ ಹೆಚ್ಚು ತಕರಾರು ಮಾಡುವುದಿಲ್ಲ. ಎತ್ತರ ಗಟ್ಟಿ ಮಾಡಬೇಡಿ. ದಿನಕ್ಕೊಮ್ಮೆಯಾದರೂ ಒಂದು ನಿಜವಾದ, ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನನ್ನು ಮೇಜಿನ ಮೇಲೆ ಇಟ್ಟು, ಡಾರ್ಕ್ ಮೋಡ್ ಹಾಕಿ, ಅಕ್ಷರ ದೊಡ್ಡದು ಮಾಡಿ ಆ್ಯಪ್ ತೆರೆದು ನೋಡಿ.

ಓದುಗರಲ್ಲೂ ಒಂದು ಮಾತು. ಆ್ಯಪ್ ಸರಿಯಿಲ್ಲ ಎಂದು ಒಂದು ನಕ್ಷತ್ರ ಕೊಟ್ಟು ‘ವೇಸ್ಟ್’ ಎಂದು ಬರೆದರೆ ನಮಗೆ ಬೇಜಾರಾಗುತ್ತದೆ, ಸರಿಮಾಡಲು ಏನೂ ಸಿಗುವುದಿಲ್ಲ. ಫೋನ್ ಯಾವುದು, ಅದರ ಆವೃತ್ತಿ ಎಷ್ಟು, ಡಾರ್ಕ್ ಮೋಡ್ ಇದೆಯಾ, ಅಕ್ಷರ ದೊಡ್ಡದು ಮಾಡಿಕೊಂಡಿದ್ದೀರಾ, ಇಷ್ಟು ಬರೆದು ಒಂದು ಸ್ಕ್ರೀನ್‌ಶಾಟ್ ಜೊತೆಗಿಟ್ಟರೆ ನಮಗೆ ಒಂದೂವರೆ ದಿನ ಉಳಿಯುತ್ತದೆ. ಬೈಗುಳ ಬೇಕಿದ್ದರೆ ಅದರ ಕೆಳಗೆ ಸೇರಿಸಿ, ಅಭ್ಯಂತರ ಇಲ್ಲ.

ಕೊನೆಗೆ ನಿಮ್ಮದೇ ವಿಷಯ, ಸಂಪಾದಕರೇ. ಈ ಪತ್ರವನ್ನು ಕಾಗದದಲ್ಲಿ ಅಚ್ಚು ಹಾಕಿದರೆ ನನಗೆ ಚಿಂತೆ ಇಲ್ಲ, ಅಲ್ಲಿ ಒತ್ತು ಎಲ್ಲಿಗೂ ಹೋಗುವುದಿಲ್ಲ. ಆ್ಯಪ್‌ನಲ್ಲೂ ಹಾಕುವುದಾದರೆ, ಹಾಕುವ ಮುಂಚೆ ಯಾರದಾದರೂ ಆಂಡ್ರಾಯ್ಡ್ ಫೋನ್ ಈಸ್ಕೊಂಡು, ಅಕ್ಷರ ದೊಡ್ಡದು ಮಾಡಿ, ಶೀರ್ಷಿಕೆಯಲ್ಲಿರುವ ‘ತ್ತ’ ಮತ್ತು ‘ದ್ದು’ ಪೂರ್ತಿ ಕಾಣುತ್ತವೆಯೇ ಎಂದು ಒಮ್ಮೆ ನೋಡಿಬಿಡಿ. ಹೋದ ವಾರದ ಲೇಖನದ ಶೀರ್ಷಿಕೆ ನನ್ನ ಫೋನ್‌ನಲ್ಲಿ ಹೇಗೆ ಕಂಡಿತ್ತು ಎನ್ನುವ ಸ್ಕ್ರೀನ್‌ಶಾಟನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಇತಿ,
ಪರದೆ ಜೋಡಿಸುವ ಒಬ್ಬ ಓದುಗ